ಬೇರ್ ಗ್ರಿಲ್ಸ್ ತೋರಿಸುವುದೆಲ್ಲ ನಿಜವಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಟಿವಿಯ 'ಕಾಡಿನಲ್ಲಿ ಬದುಕಿ ಬರುವ' ಕಾರ್ಯಕ್ರಮಗಳ ಬಗ್ಗೆಯೇ ಇವೆ. ಹಾಗಾಗಿ ಪೂರ್ತಿ ಅಂಕಣವನ್ನು ಅದಕ್ಕೇ ಕೊಡುತ್ತಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ತೀರ್ಥಹಳ್ಳಿ ಕಡೆಯವಳು. ಮಕ್ಕಳಿಗೆ, ಕಾಲೇಜು ಹುಡುಗರಿಗೆ ಕಾಡಿನ ಶಿಬಿರ, ಚಾರಣ ನಡೆಸುವುದೇ ನನ್ನ ಕೆಲಸ.

ಅಕ್ಕಾ, ನಾನು 'ಮ್ಯಾನ್ ವರ್ಸಸ್ ವೈಲ್ಡ್' ನೋಡಿಕೊಂಡೇ ಬೆಳೆದವನು. ಬೇರ್ ಗ್ರಿಲ್ಸ್ ರಾತ್ರಿ ಹೋಟೆಲಿನಲ್ಲಿ ಮಲಗುತ್ತಿದ್ದರು, ಎಲ್ಲ ನಾಟಕ ಅಂತ ನನ್ನ ರೂಮ್‌ಮೇಟ್ ಹೇಳುತ್ತಾನೆ. ಹೌದಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ನಿಮ್ಮ ರೂಮ್‌ಮೇಟ್ ಹೇಳಿದ್ದರಲ್ಲಿ ನಿಜ ಇದೆ. ಆದರೆ ಎಲ್ಲವೂ ನಾಟಕ ಅಂದರೆ ನಾನು ಒಪ್ಪುವುದಿಲ್ಲ.

ಬ್ರಿಟನ್ನಿನ ಸಾಹಸಿ ಬೇರ್ ಗ್ರಿಲ್ಸ್ ನಡೆಸಿಕೊಡುತ್ತಿದ್ದ ಈ ಕಾರ್ಯಕ್ರಮ ಶುರುವಾಗಿದ್ದು 2006ರಲ್ಲಿ. ಮರುವರ್ಷವೇ ಬ್ರಿಟನ್ನಿನ ಪತ್ರಿಕೆಗಳಲ್ಲಿ ಒಳಗಿನ ಸುದ್ದಿ ಹೊರಬಿತ್ತು. ಕಾರ್ಯಕ್ರಮಕ್ಕೆ ಸಲಹೆಗಾರನಾಗಿದ್ದವನೇ ಬಾಯಿಬಿಟ್ಟಿದ್ದ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಚಿತ್ರೀಕರಣ ಮಾಡುವಾಗ ಗ್ರಿಲ್ಸ್ ಕೆಲವು ರಾತ್ರಿ ಲಾಡ್ಜಿನಲ್ಲಿ ಮಲಗಿದ್ದರು. 'ಕಾಡು ಕುದುರೆ' ಎಂದು ತೋರಿಸಿದ್ದು ಹೊರಗಿನಿಂದ ಕರೆತಂದ ಕುದುರೆಗಳನ್ನು. ಹವಾಯಿಯ ಕಂತಿನಲ್ಲಿ ಅವರು ತೆಪ್ಪ ಕಟ್ಟುತ್ತಾರೆ, ನೆನಪಿದೆಯಾ? ಅದನ್ನು ತಂಡದವರು ಮೊದಲೇ ಕಟ್ಟಿ ನೋಡಿ, ಬಿಚ್ಚಿಟ್ಟಿದ್ದರು. ಅಡುಗೆ ಕಾರ್ಯಕ್ರಮದಲ್ಲಿ ಬೆಂದ ಪಲ್ಯವನ್ನು ಮೇಜಿನ ಕೆಳಗಿಂದ ತೆಗೆದು ತೋರಿಸುತ್ತಾರಲ್ಲ, ಹಾಗೆ. ಬ್ರಿಟನ್ನಿನಲ್ಲಿ ಪ್ರಸಾರ ಮಾಡುತ್ತಿದ್ದ ಚಾನೆಲ್ 4, ಇದು ನಡೆದದ್ದನ್ನು ನಡೆದ ಹಾಗೇ ತೋರಿಸುವ ಸಾಕ್ಷ್ಯಚಿತ್ರ ಅಲ್ಲ, ಏನು ಮಾಡಬಹುದು ಎಂದು ಕಲಿಸುವ ಕಾರ್ಯಕ್ರಮ ಎಂಬರ್ಥದ ಹೇಳಿಕೆ ಕೊಟ್ಟಿತು. ಗ್ರಿಲ್ಸ್ ಕ್ಷಮೆ ಕೇಳಿದರು. ತಂಡದ ನೆರವು ಇರುತ್ತದೆ, ಕೆಲವು ಸನ್ನಿವೇಶ ತೋರಿಸುವುದಕ್ಕಾಗಿಯೇ ಸಿದ್ಧ ಮಾಡಿದ್ದು ಎಂಬ ಸೂಚನೆ ಪರದೆಯ ಮೇಲೆ ಬರತೊಡಗಿದ್ದು ಅದಾದ ಮೇಲೆ.

ಹಾಗಂತ ಮನುಷ್ಯ ಸುಳ್ಳಲ್ಲ. 1996ರಲ್ಲಿ ಜಾಂಬಿಯಾದಲ್ಲಿ ಪ್ಯಾರಾಚೂಟ್ ಅವಘಡದಲ್ಲಿ ಬೆನ್ನುಮೂಳೆ ಮುರಿದುಕೊಂಡವರು 1998ರಲ್ಲಿ ಎವರೆಸ್ಟ್ ಹತ್ತಿದ್ದಾರೆ. ಅದನ್ನು ನಾಟಕ ಮಾಡಿ ಹತ್ತೋಕಾಗಲ್ಲ.

ನನ್ನ ತಕರಾರು ಲಾಡ್ಜಿನ ಬಗ್ಗೆ ಅಲ್ಲ. ರಾತ್ರಿ ಎಲ್ಲಿ ಮಲಗಿದರು ಅನ್ನುವುದರಿಂದ ನಿಮಗಾಗಲಿ ನನಗಾಗಲಿ ಏನೂ ಆಗಬೇಕಿಲ್ಲ. ಹಗಲು ಏನು ಮಾಡುತ್ತಾರೆ ಅನ್ನುವುದೇ ಅಪಾಯ. ಹಗಲೆಲ್ಲ ಅವರು ಓಡುತ್ತಾರೆ. ಬಂಡೆ ಇಳಿಯುತ್ತಾರೆ, ಜಲಪಾತದ ಪಕ್ಕದಲ್ಲಿ ಬಳ್ಳಿ ಹಿಡಿದು ಜಾರುತ್ತಾರೆ, ಕೊರೆಯುವ ನೀರಿಗೆ ಹಾರುತ್ತಾರೆ. ಒಬ್ಬ ಮನುಷ್ಯ ಮರದ ಬುಡದಲ್ಲಿ ಸುಮ್ನೆ ಕೂತಿರುವುದನ್ನು ಮುಕ್ಕಾಲು ಗಂಟೆ ತೋರಿಸಿದರೆ ಯಾರು ನೋಡುತ್ತಾರೆ? ಆದರೆ ದಾರಿ ತಪ್ಪಿದವರನ್ನು ಉಳಿಸುವುದು ಆ ಸುಮ್ನೆ ಕೂರುವ ಕೆಲಸವೇ.

ಲೆಕ್ಕ ಹಾಕಿ ನೋಡಿ. ನೀವು ಕೊನೆಗೆ ಎಲ್ಲಿ ಕಂಡಿರಿ ಅನ್ನುವ ಜಾಗದಿಂದ ಹುಡುಕಾಟ ಶುರುವಾಗುತ್ತದೆ. ದಟ್ಟ ಕಾಡಿನಲ್ಲಿ ಗಂಟೆಗೆ ಒಂದೇ ಕಿಲೋಮೀಟರ್ ನಡೆಯುತ್ತೀರಿ ಅಂತಿಟ್ಟುಕೊಳ್ಳೋಣ. ಒಂದು ಗಂಟೆಯ ನಂತರ ನೀವು ಸುಮಾರು 3 ಚದರ ಕಿಲೋಮೀಟರ್ ಜಾಗದಲ್ಲಿ ಎಲ್ಲಿ ಬೇಕಾದರೂ ಇರಬಹುದು. ನಾಲ್ಕು ಗಂಟೆ ನಡೆದರೆ ಅದು 50 ಚದರ ಕಿಲೋಮೀಟರ್. ಹುಡುಕುವವರು ಅದೇ ಹತ್ತು ಜನ. ಕಾಲು ಎತ್ತಿಟ್ಟಷ್ಟೂ ನೀವೇ ನಿಮ್ಮನ್ನು ಬಚ್ಚಿಡುತ್ತಾ ಹೋಗುತ್ತೀರಿ.

ಕೊಲಂಬಿಯಾದ ಮಕ್ಕಳ ಸುದ್ದಿ ಓದಿರಬಹುದು. 2023ರ ಮೇ 1ರಂದು ಅಮೆಜಾನ್ ಕಾಡಿನಲ್ಲಿ ಪುಟ್ಟ ವಿಮಾನವೊಂದು ಬಿತ್ತು. ದೊಡ್ಡವರು ಮೂವರೂ ತೀರಿಕೊಂಡರು. ಉಳಿದಿದ್ದು ನಾಲ್ಕು ಮಕ್ಕಳು. ಎಲ್ಲರಿಗಿಂತ ದೊಡ್ಡವಳಿಗೆ 13 ವರ್ಷ, ಕೊನೆಯದು ಇನ್ನೂ ವರ್ಷ ತುಂಬದ ಕೂಸು. 40 ದಿನಗಳ ನಂತರ, ಜೂನ್ 9ರಂದು, ನಾಲ್ವರೂ ಜೀವಂತ ಸಿಕ್ಕರು. ಅವರು ಹುಯಿಟೊಟೊ ಬುಡಕಟ್ಟಿನ ಮಕ್ಕಳು. ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟು ತಿಂದರು. ಅದು ಮುಗಿದ ಮೇಲೆ ತಮಗೆ ಗೊತ್ತಿದ್ದ ಕಾಡಿನ ಹಣ್ಣು, ಬೀಜ ತಿಂದರು. ಆ ಹುಡುಕಾಟದಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಒಂದು ವಿಷಯ. ಅಜ್ಜಿಯ ದನಿಯನ್ನು ಅವರದೇ ಭಾಷೆಯಲ್ಲಿ ಧ್ವನಿಮುದ್ರಿಸಿ, ಸೈನ್ಯದವರು ಹೆಲಿಕಾಪ್ಟರಿನ ಧ್ವನಿವರ್ಧಕದಲ್ಲಿ ಕಾಡಿನ ಮೇಲೆಲ್ಲ ಕೇಳಿಸಿದರು. ಅಜ್ಜಿ ಹೇಳಿದ್ದು ಇಷ್ಟೇ: ನಿಮ್ಮನ್ನು ಹುಡುಕುತ್ತಿದ್ದಾರೆ, ಇದ್ದಲ್ಲೇ ಇರಿ.

ಮೇಡಂ, ನನ್ನ ಮಗನಿಗೆ 13 ವರ್ಷ. ಈ ಕಾರ್ಯಕ್ರಮಗಳ ಹುಚ್ಚು. ಬಾಯಾರಿದರೆ ಮೂತ್ರ ಕುಡಿಯಬಹುದು ಅನ್ನುತ್ತಾನೆ. ರಜೆಗೆ ಸಾಗರದ ಅಜ್ಜಿ ಮನೆಗೆ ಹೋದಾಗ ಹಿತ್ತಲಿನ ಕಾಡಿನಲ್ಲಿ ಒಣ ಎಲೆ ಹಾಸಿ ಮಲಗುತ್ತೇನೆ ಅಂತ ಹಟ. ಬಿಡಲಾ, ತಡೆಯಲಾ?
– ಒಬ್ಬ ತಾಯಿ, ದಾವಣಗೆರೆ

ಹುಚ್ಚನ್ನು ತಡೆಯಬೇಡಿ, ಅದು ಒಳ್ಳೆಯ ಹುಚ್ಚು. ಎಲೆ ಹಾಸಿ ಮಲಗುವುದನ್ನು ಮಾತ್ರ ಖಂಡಿತ ತಡೆಯಿರಿ.

ಟಿವಿಯಲ್ಲಿ ಎಲೆಯ ಹಾಸಿಗೆ ಪದೇ ಪದೇ ಬರುತ್ತದೆ. ಚಳಿ ದೇಶದ ಕಾಡಿನಲ್ಲಿ ಅದು ಸರಿಯಾದ ಪಾಠವೇ, ನೆಲದ ತಂಪು ಮೈಗೆ ತಾಗುವುದಿಲ್ಲ. ಸಾಗರದ ಕಡೆ ಅದೇ ಪಾಠ ಆಸ್ಪತ್ರೆಗೆ ದಾರಿ. ಅಲ್ಲಿ ಮಂಗನ ಕಾಯಿಲೆ ಎಂಬ ಜ್ವರ ಇದೆ. ಅದು ಮೊದಲು ಗೊತ್ತಾಗಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು. ಡಿಸೆಂಬರಿನಿಂದ ಮೇವರೆಗೆ ಅದರ ಮರಿಗಳ ಕಾಲ. ಅವು ಎಳ್ಳಿಗಿಂತ ಸಣ್ಣಕ್ಕಿರುತ್ತವೆ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಇರುವುದು ಆ ತರಗೆಲೆಯ ನಡುವೆಯೇ. ಕೊಟ್ಟಿಗೆಗೆ ಹಾಸಲು ಕಾಡಿನಿಂದ ತರಗೆಲೆ ಗುಡಿಸಿ ತರುವವರಿಗೆ ಈ ಜ್ವರದ ಭಯ ಯಾಕೆ ಜಾಸ್ತಿ ಅಂತ ಅಜ್ಜಿಯನ್ನೇ ಕೇಳಿ, ಹೇಳುತ್ತಾರೆ. ಆರೋಗ್ಯ ಇಲಾಖೆಯವರು ಮೈಗೆ ಹಚ್ಚಿಕೊಳ್ಳಲು ಡೇಪಾ ಎಣ್ಣೆ ಹಂಚುವುದು ಇದಕ್ಕೇ. ಮಳೆಗಾಲದ ಇಂಬಳಕ್ಕೆ (ಜಿಗಣೆಗೆ) ಪೇಟೆಯವರು ಕಿರುಚುತ್ತಾರೆ. ಅದು ರಕ್ತ ಕುಡಿದು ತಾನೇ ಬಿದ್ದು ಹೋಗುತ್ತದೆ. ಸುಣ್ಣವೋ ಹೊಗೆಸೊಪ್ಪಿನ ನೀರೋ ಹಚ್ಚಿದರೆ ಹತ್ತಿರ ಬರುವುದಿಲ್ಲ. ಹೆದರಬೇಕಾದ್ದು ಕಾಣದ ಉಣುಗಿಗೆ.

ಮೂತ್ರದ ವಿಷಯ. ದೇಹ ಬೇಡ ಅಂತ ಹೊರಗೆ ಹಾಕಿದ ಉಪ್ಪು, ಯೂರಿಯಾ ಅದರಲ್ಲಿರುತ್ತದೆ. ಮೈಯಲ್ಲಿ ನೀರು ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತದೆ. ಅದನ್ನೇ ಮತ್ತೆ ಕುಡಿದರೆ, ಆ ಉಪ್ಪನ್ನು ಹೊರಹಾಕಲು ದೇಹ ಇನ್ನಷ್ಟು ನೀರು ಖರ್ಚು ಮಾಡಬೇಕು. ಅಮೆರಿಕದ ಸೈನ್ಯದ ಕೈಪಿಡಿಯಲ್ಲೇ ಕುಡಿಯಬಾರದ್ದರ ಪಟ್ಟಿಯಲ್ಲಿ ಮೂತ್ರವೂ ಇದೆ, ಸಮುದ್ರದ ನೀರೂ ಇದೆ, ರಕ್ತವೂ ಇದೆ. ಮಲೆನಾಡಿನಲ್ಲಿ ನೀರಿಗಂತೂ ಬರವಿಲ್ಲ. ಆದರೆ ಹಳ್ಳದ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸದೆ ಕುಡಿಯಬಾರದು. ಆ ಕುದಿಸುವ ಕೆಲಸ ಕಲಿಸಿ.

ಇನ್ನು ಇದನ್ನು ಮಗನಿಗೆ ಓದಿ ಹೇಳಿ: ಪುಟ್ಟಾ, ಟಿವಿಯಲ್ಲಿ ಹಾವು ಹಿಡಿದು ತಲೆ ಕಚ್ಚುವುದನ್ನು ನೀನು ನೋಡಿರುತ್ತೀಯ. ಭಾರತದಲ್ಲಿ 2000ದಿಂದ 2019ರ ನಡುವೆ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ತೀರಿಕೊಂಡಿದ್ದಾರೆ ಅನ್ನುವುದು ಸಂಶೋಧಕರ ಅಂದಾಜು. ಹೊಲದಲ್ಲಿ, ಗದ್ದೆಯಲ್ಲಿ, ಮನೆಯಂಗಳದಲ್ಲಿ ತಮ್ಮ ಪಾಡಿಗೆ ಇದ್ದವರು ಅವರು. ಹಾವು ಕಂಡರೆ ಹಿಂದಕ್ಕೆ ಸರಿ, ಅದಕ್ಕೆ ದಾರಿ ಬಿಡು. ಯಾರಿಗಾದರೂ ಕಚ್ಚಿದರೆ ಕೊಯ್ಯಬೇಡ, ಬಾಯಿಂದ ಹೀರಬೇಡ, ಹಗ್ಗ ಬಿಗಿಯಬೇಡ. ಉಂಗುರ, ಬಳೆ ತೆಗೆಸು. ಕಾಲು ಆಡಿಸಲು ಬಿಡಬೇಡ, ನಡೆಸಬೇಡ, ಗಾಡಿ ಮಾಡಿ ಆಸ್ಪತ್ರೆಗೆ ಒಯ್ಯಲು ಹೇಳು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಇರುತ್ತದೆ. ಇಷ್ಟು ಗೊತ್ತಿದ್ದರೆ ಆ ಕಾರ್ಯಕ್ರಮದ ಯಾವ ಕಂತಿಗಿಂತಲೂ ನಿನಗೆ ಜಾಸ್ತಿ ಗೊತ್ತು.

ಅವನನ್ನು ಹೊರಗೆ ಮಲಗಿಸಲೇಬೇಕಾ? ಅಜ್ಜಿ ಮನೆ ಜಗುಲಿಯ ಮೇಲೆ ಸೊಳ್ಳೆಪರದೆ ಕಟ್ಟಿ ಮಲಗಿಸಿ. ಕಾಡಿನ ಸದ್ದೆಲ್ಲ ಅಲ್ಲಿಗೂ ಕೇಳಿಸುತ್ತದೆ.

ದಾರಿ ತಪ್ಪಿದರೆ ತೊರೆ ಹಿಡಿದು ಕೆಳಗೆ ಇಳಿಯಬೇಕು, ಎಲ್ಲಾದರೂ ಊರು ಸಿಗುತ್ತದೆ ಎಂದು ಎಲ್ಲ ಕಾರ್ಯಕ್ರಮಗಳಲ್ಲೂ ಹೇಳುತ್ತಾರೆ. ನಮ್ಮ ಘಟ್ಟಗಳಿಗೂ ಇದು ಸಲ್ಲುತ್ತದೆಯೇ?
– ನಿವೃತ್ತ ಅಧ್ಯಾಪಕರು, ಕುಂದಾಪುರ

ಸಲ್ಲುವುದಿಲ್ಲ ಸರ್. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞಳು.

ಈ ಸಲಹೆ ಸುಳ್ಳಲ್ಲ. ಅದರಿಂದ ಬದುಕಿದವರಿದ್ದಾರೆ. 1971ರ ಡಿಸೆಂಬರ್ 24ರಂದು ಪೆರು ದೇಶದ ಕಾಡಿನ ಮೇಲೆ ಸಿಡಿಲು ಮಳೆಗೆ ಸಿಕ್ಕಿ ವಿಮಾನ ಒಡೆಯಿತು. ಅದರಲ್ಲಿದ್ದ 92 ಜನರಲ್ಲಿ ಉಳಿದವಳು ಒಬ್ಬಳೇ, 17 ವರ್ಷದ ಯೂಲಿಯಾನೆ ಕೋಪ್ಕೆ. ಸೀಟಿಗೆ ಬೆಲ್ಟ್ ಬಿಗಿದ ಹಾಗೇ ಸುಮಾರು ಮೂರು ಕಿಲೋಮೀಟರ್ ಎತ್ತರದಿಂದ ಬಿದ್ದಳು. ಕನ್ನಡಕ ಹೋಗಿತ್ತು, ಕಾಲಲ್ಲಿ ಒಂದೇ ಚಪ್ಪಲಿ. ತಿನ್ನಲು ಒಂದಿಷ್ಟು ಮಿಠಾಯಿ. ಅಪ್ಪ ಅಮ್ಮ ಇಬ್ಬರೂ ಪ್ರಾಣಿಶಾಸ್ತ್ರಜ್ಞರು, ಅದೇ ಕಾಡಿನಲ್ಲಿ ಸಂಶೋಧನಾ ಕೇಂದ್ರ ನಡೆಸುತ್ತಿದ್ದರು. ನೀರು ಹಿಡಿದು ನಡೆದರೆ ಜನ ಸಿಗುತ್ತಾರೆ ಅನ್ನುವುದು ಅಪ್ಪ ಹೇಳಿಕೊಟ್ಟ ಮಾತು. ನಡೆದಳು, ಈಜಿದಳು. ತೋಳಿನ ಗಾಯದಲ್ಲಿ ಹುಳು ಬಿದ್ದಿತ್ತು. ಕೊನೆಗೆ ಸಿಕ್ಕ ದೋಣಿಯ ಪೆಟ್ರೋಲನ್ನು ಗಾಯಕ್ಕೆ ಸುರಿದುಕೊಂಡಳು. ಹನ್ನೊಂದನೇ ದಿನ ಕಾಡಿನ ಕೆಲಸದವರ ಕಣ್ಣಿಗೆ ಬಿದ್ದಳು.

ಅದು ಅಮೆಜಾನ್ ಬಯಲು. ತೊರೆ ಹೊಳೆಯಾಗಿ, ಹೊಳೆ ನದಿಯಾಗಿ ಸಮತಟ್ಟಾಗಿ ಹರಿಯುತ್ತದೆ. ನಮ್ಮ ಘಟ್ಟದ ತೊರೆಗೆ ಆ ವ್ಯವಧಾನ ಇಲ್ಲ. ಘಟ್ಟದ ಅಂಚಿಗೆ ಬಂದ ನೀರು ಧುಮುಕುತ್ತದೆ. ಜೋಗದಲ್ಲಿ ಶರಾವತಿ 253 ಮೀಟರ್ ಬೀಳುತ್ತದೆ. ಆಗುಂಬೆ ಹತ್ತಿರ ಸೀತಾನದಿ ಬರ್ಕಣದಲ್ಲಿ ಬೀಳುತ್ತದೆ. ಇವು ಹೆಸರಿರುವವು. ಹೆಸರಿಲ್ಲದ ಮೂವತ್ತು ಅಡಿ, ಐವತ್ತು ಅಡಿಯ ಅಬ್ಬಿಗಳನ್ನು ಎಣಿಸಿದವರಿಲ್ಲ. ಮೇಲಿನಿಂದ ಇಳಿಯುವವನಿಗೆ ಅವು ಕಾಣುವುದೇ ಇಲ್ಲ, ಬರೀ ಸದ್ದು. ಪಾಚಿ ಕಟ್ಟಿದ ಒಂದು ಬಂಡೆಯಿಂದ ಜಾರಿ ಕೆಳಗಿನ ಬಂಡೆಗೆ ಬರುತ್ತಾರೆ. ಅಲ್ಲಿಂದ ಮುಂದಕ್ಕೂ ಹೋಗುವ ಹಾಗಿಲ್ಲ, ಹಿಂದಕ್ಕೂ ಹತ್ತುವ ಹಾಗಿಲ್ಲ. ಚಾರಣಕ್ಕೆ ಬಂದವರು ಸಿಕ್ಕಿಹಾಕಿಕೊಳ್ಳುವುದು ಇಂಥ ಕಡೆಯೇ. ಮೊಬೈಲ್ ಸಿಗ್ನಲ್ ಕೂಡ ಆ ಕಮರಿಯೊಳಗೆ ಬರುವುದಿಲ್ಲ. ಮಳೆಗಾಲದಲ್ಲಿ ಮೇಲೆಲ್ಲೋ ಮಳೆ ಹೊಡೆದರೆ, ನಿಂತ ಜಾಗಕ್ಕೇ ನೀರು ಏರಿ ಬರುತ್ತದೆ.

ನಿಮ್ಮ ಹಳೆಯ ವಿದ್ಯಾರ್ಥಿಗಳು ಕೇಳಿದರೆ ಹೀಗೆ ಹೇಳಿ: ಬಂದ ದಾರಿ ನೆನಪಿದ್ದರೆ, ಹಗಲಿದ್ದರೆ, ಬಂದ ದಾರಿಯಲ್ಲೇ ಹಿಂದಕ್ಕೆ. ಅದಾಗದಿದ್ದರೆ ತೆರೆದ ಜಾಗ ನೋಡಿ ಕೂರುವುದು. ನೀರಿನ ಜಾಡು ಹಿಡಿದು ಘಟ್ಟ ಇಳಿಯುವುದು ಬೇಡವೇ ಬೇಡ.

ಮೋದಿಯವರು, ರಜನಿಕಾಂತ್ ಕಾಣಿಸಿಕೊಂಡ ಕಂತುಗಳು? ಅವು ನಿಜವಾದ ಕಾಡಾ, ಸೆಟ್ಟಾ?
– ಅಂಗಡಿ ವ್ಯಾಪಾರಿ, ಗುಂಡ್ಲುಪೇಟೆ

ಕಾಡು ನಿಜವಾದದ್ದೇ. ಪ್ರಧಾನಿಯವರ ಕಂತು ಉತ್ತರಾಖಂಡದ ಕಾರ್ಬೆಟ್‌ನಲ್ಲಿ ಆಗಿದ್ದು, ಪ್ರಸಾರವಾಗಿದ್ದು 2019ರ ಆಗಸ್ಟ್ 12ರಂದು. ಅವರ ಹಿಂದಿ ಗ್ರಿಲ್ಸ್‌ಗೆ ಹೇಗೆ ತಿಳಿಯಿತು ಅಂತ ಜನ ತಲೆಕೆಡಿಸಿಕೊಂಡಿದ್ದರಲ್ಲ, ಆಮೇಲೆ ರೇಡಿಯೋ ಭಾಷಣದಲ್ಲಿ ಮೋದಿಯವರೇ ಹೇಳಿದರು: ಗ್ರಿಲ್ಸ್ ಕಿವಿಯಲ್ಲಿ ಅನುವಾದದ ಸಾಧನ ಇತ್ತು. ರಜನಿಕಾಂತ್ ಕಂತು ನಿಮ್ಮ ಪಕ್ಕದ ಬಂಡೀಪುರದ್ದೇ. 2020ರ ಜನವರಿ ಕೊನೆಯಲ್ಲಿ ಚಿತ್ರೀಕರಣ ಆಯಿತು, ಮಾರ್ಚ್ 23ಕ್ಕೆ ಪ್ರಸಾರ. ಅಕ್ಷಯ್ ಕುಮಾರ್ ಕಂತನ್ನೂ ಅಲ್ಲೇ ತೆಗೆದರು. ಅರಣ್ಯ ಇಲಾಖೆ ಅನುಮತಿ ಕೊಟ್ಟಿತ್ತು, ದಿನಕ್ಕೆ ಇಷ್ಟೇ ಹೊತ್ತು ಅಂತ ಮಿತಿ ಹಾಕಿತ್ತು.

ಅಲ್ಲಿ ಯಾರೂ 'ಬದುಕಿ ಬರುವ' ಪ್ರಶ್ನೆಯೇ ಇರಲಿಲ್ಲ. ಅದು ಕಾಡಿನಲ್ಲಿ ನಡೆಸಿದ ಸಂದರ್ಶನ. ಹಾಗೆ ನೋಡಿದರೆ ತಪ್ಪೇನಿಲ್ಲ. ನನಗೆ ಬೇಜಾರಾಗಿದ್ದು ಬೇರೆಯದಕ್ಕೆ. ಹಿಂದಿನ ವರ್ಷ ಫೆಬ್ರವರಿಯಲ್ಲಷ್ಟೇ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟು ಹೋಗಿತ್ತು. ಬೇಸಿಗೆಯ ಬಾಗಿಲಲ್ಲಿ, ಕಾವಲು ಸಿಬ್ಬಂದಿ ಬೆಂಕಿ ಹರಡದ ಹಾಗೆ ಬೆಂಕಿರೇಖೆ ಮಾಡುವ ಹೊತ್ತಿನಲ್ಲಿ, ಅದೇ ಕಾಡಿಗೆ ಚಿತ್ರೀಕರಣದ ತಂಡ ಬೇಕಿತ್ತಾ ಅಂತ ಆಗ ಪರಿಸರದವರು ಕೇಳಿದ್ದರು. ಆ ಪ್ರಶ್ನೆ ಸರಿಯಾಗಿಯೇ ಇತ್ತು.

ಹಾಗಾದರೆ ಯಾವ ಕಾರ್ಯಕ್ರಮ ನಿಜಕ್ಕೆ ಹತ್ತಿರ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಎರಡು ಹೆಸರು ಹೇಳುತ್ತೇನೆ.

ಒಂದು 'ಸರ್ವೈವರ್‌ಮ್ಯಾನ್'. ಕೆನಡಾದ ಲೆಸ್ ಸ್ಟ್ರೌಡ್ ಒಬ್ಬರೇ ಹೋಗಿ, ಸುಮಾರು ಒಂದು ವಾರ ಇದ್ದು, ತಾವೇ ಚಿತ್ರೀಕರಿಸಿಕೊಂಡು ಬರುತ್ತಿದ್ದರು. ಅವರು ಬೆಟ್ಟ ಹತ್ತಿ ದೂರ ಮರೆಯಾಗುವ ದೃಶ್ಯ ಬಂದಾಗ ಸ್ವಲ್ಪ ಯೋಚಿಸಿ. ಕ್ಯಾಮೆರಾ ಕೆಳಗೇ ಇದೆ. ಅದನ್ನು ಎತ್ತಿಕೊಳ್ಳಲು ಅವರು ವಾಪಸ್ ಇಳಿಯಬೇಕು, ಮತ್ತೆ ಹತ್ತಬೇಕು. ಹೊಟ್ಟೆಗಿಲ್ಲದ ಮನುಷ್ಯ ಒಂದೇ ಗುಡ್ಡವನ್ನು ಎರಡೆರಡು ಸಲ ಹತ್ತುವುದು ಅಂದರೆ ತಮಾಷೆ ಅಲ್ಲ. ಬೆಂಕಿ ಹತ್ತದಿದ್ದರೆ ಹತ್ತಲಿಲ್ಲ ಅಂತಲೇ ತೋರಿಸುತ್ತಾರೆ. ನನಗೆ ಅವರ ಮೇಲೆ ಗೌರವ ಅದಕ್ಕೇ.

ಇನ್ನೊಂದು 2015ರಲ್ಲಿ ಶುರುವಾದ 'ಅಲೋನ್'. ಹತ್ತು ಜನ, ಒಬ್ಬೊಬ್ಬರಿಗೂ ಬೇರೆ ಬೇರೆ ಜಾಗ, ಆರಿಸಿಕೊಂಡ ಹತ್ತು ಸಾಮಾನು, ಮೈಮೇಲಿನ ಬಟ್ಟೆ, ಕ್ಯಾಮೆರಾಗಳು. ಕೊನೆಯವರೆಗೆ ಉಳಿದವರಿಗೆ ಬಹುಮಾನ. ಮೊದಲ ವರ್ಷ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಗೆದ್ದವರು 56 ದಿನ ಇದ್ದರು. ಏಳನೇ ವರ್ಷ ಗ್ರೇಟ್ ಸ್ಲೇವ್ ಸರೋವರದ ದಡದಲ್ಲಿ ಒಬ್ಬರು 100 ದಿನ ಪೂರೈಸಿದರು. ಇಲ್ಲೂ ಸುರಕ್ಷತೆ ಇದೆ: ಉಪಗ್ರಹ ಫೋನಿನಲ್ಲಿ ಸಾಕು ಅಂದರೆ ಬಂದು ಕರೆದೊಯ್ಯುತ್ತಾರೆ, ವೈದ್ಯರು ಆಗಾಗ ಪರೀಕ್ಷೆ ಮಾಡುತ್ತಾರೆ, ಎತ್ತರಕ್ಕೆ ತಕ್ಕ ತೂಕ ತೀರಾ ಇಳಿದರೆ ಬೇಡವೆಂದರೂ ಹೊರಗೆ ತರುತ್ತಾರೆ. ಆದರೂ ಇದರಲ್ಲಿ ಹಸಿವು ಹಸಿವಿನ ಹಾಗೇ ಕಾಣುತ್ತದೆ. ಗಟ್ಟಿಮುಟ್ಟಾದ ಗಂಡಸರು ಮೊದಲ ಕೆಲವು ರಾತ್ರಿಗಳಲ್ಲೇ ಕರಡಿಯ ಸದ್ದಿಗೆ ಎದ್ದು ಹೊರಟುಬಿಡುತ್ತಾರೆ. ತಿಂಗಳು ದಾಟಿದವರು ಅಳುವುದು ಊಟಕ್ಕಲ್ಲ, ಮನೆ ನೆನಪಾಗಿ. ಗೆಲ್ಲುವವರನ್ನು ಗಮನಿಸಿ, ಅವರು ಕಡಿಮೆ ಓಡಾಡುತ್ತಾರೆ, ಜಾಸ್ತಿ ಕೂರುತ್ತಾರೆ.

ಮಿಕ್ಕ ಕಾರ್ಯಕ್ರಮಗಳಲ್ಲಿ ಕ್ಯಾಮೆರಾ ಹಿಂದಿನ ತಂಡವನ್ನು ಲೆಕ್ಕಕ್ಕೆ ಹಿಡಿದು ನೋಡಿ. 2019ರಲ್ಲಿ ಒಂದು ದ್ವೀಪದ ಚಿತ್ರೀಕರಣದಲ್ಲಿ ಗ್ರಿಲ್ಸ್‌ಗೆ ಜೇನು ಕಚ್ಚಿ ಮುಖ ಊದಿಕೊಂಡಿತು. ಸ್ಥಳದಲ್ಲಿದ್ದ ವೈದ್ಯರು ಇಂಜೆಕ್ಷನ್ ಕೊಟ್ಟರು, ಉಳಿದರು. ನಮ್ಮ ಬಂಡೆಗಳಲ್ಲಿ ಕಟ್ಟುವ ಹೆಜ್ಜೇನು ಎದ್ದರೆ ನಿಮ್ಮ ಜೊತೆ ಆ ವೈದ್ಯರು ಇರುವುದಿಲ್ಲ.

ಕಡ್ಡಿ ಉಜ್ಜಿ ಬೆಂಕಿ ಮಾಡಲು ನಿಜಕ್ಕೂ ಆಗುತ್ತದಾ?
– ಪಿಯು ವಿದ್ಯಾರ್ಥಿನಿ, ಶಿರಸಿ

ಆಗುತ್ತದೆ. ಯಜ್ಞಕ್ಕೆ ಅರಣಿ ಕಡೆಯುವುದನ್ನು ನೋಡಿದ್ದೀಯಾ? ಅದೂ ಇದೇ ವಿದ್ಯೆ. ಅರಳಿ ಮರದ ತುಂಡನ್ನು ಚೆನ್ನಾಗಿ ಒಣಗಿಸಿ ಜೋಪಾನ ಮಾಡಿರುತ್ತಾರೆ. ಹಗ್ಗ ಸುತ್ತಿ, ಒಬ್ಬರು ಮೇಲಿನಿಂದ ಒತ್ತಿ ಹಿಡಿದು, ಇನ್ನೊಬ್ಬರು ಎಳೆದೆಳೆದು ಕಡೆಯುತ್ತಾರೆ. ಮೊದಲು ಕಪ್ಪು ಪುಡಿ ಉದುರುತ್ತದೆ, ಆಮೇಲೆ ಹೊಗೆ, ಆಮೇಲೆ ಆ ಪುಡಿಯೊಳಗೆ ಒಂದು ಕೆಂಡದ ಚುಕ್ಕೆ. ಅದನ್ನು ನಾರಿನಲ್ಲಿಟ್ಟು ಊದಬೇಕು. ಒಣಗಿದ ಕಟ್ಟಿಗೆ, ಮಳೆಯಿಲ್ಲದ ಮಂಟಪ, ಪಳಗಿದ ಕೈಗಳು. ಇಷ್ಟೆಲ್ಲ ಇದ್ದೂ ಬೆವರು ಸುರಿಯುತ್ತದೆ. ಟಿವಿಯಲ್ಲಿ ಇದು ಅರ್ಧ ನಿಮಿಷ.

ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಕಡೆ, ಜುಲೈನಲ್ಲಿ, ಒದ್ದೆ ಕಡ್ಡಿ ಉಜ್ಜಿದರೆ ಅಂಗೈ ಬೊಬ್ಬೆ ಬರುತ್ತದೆ ಅಷ್ಟೇ. ಕಾಡಿನವರು ರಾಳಧೂಪದ ಮರದ ಅಂಟು ಇಟ್ಟುಕೊಂಡಿರುತ್ತಾರೆ, ಅದು ಬೇಗ ಹೊತ್ತುತ್ತದೆ. ನಮ್ಮ ಶಿಬಿರದಲ್ಲಿ ಮೇಣದ ಬತ್ತಿಯ ತುಂಡು ಮತ್ತು ಸೈಕಲ್ ಟ್ಯೂಬಿನ ಚೂರು ಬಳಸುತ್ತೇವೆ. ನೆನಪಿಡು, ಅಭಯಾರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧ. ಮನೆಯ ಅಂಗಳದಲ್ಲಿ, ದೊಡ್ಡವರು ಹತ್ತಿರ ಇರುವಾಗ ಅಭ್ಯಾಸ ಮಾಡು.

ಅಕ್ಟೋಬರಿನಲ್ಲಿ ಕೊಡಚಾದ್ರಿಗೆ ಆರು ಜನ ಗೆಳೆಯರು ಹೋಗುತ್ತಿದ್ದೇವೆ. ದೊಡ್ಡ ಚಾಕು, ಫೈರ್ ಸ್ಟಾರ್ಟರ್ ಆನ್‌ಲೈನಿನಲ್ಲಿ ತರಿಸಿದ್ದೇವೆ. ಇನ್ನೇನು ಬೇಕು?
– ಶಿವಮೊಗ್ಗ

ಅವೆರಡನ್ನೂ ಮನೆಯಲ್ಲಿ ಬಿಟ್ಟು ಹೋಗಿ. ಅದು ಮೂಕಾಂಬಿಕಾ ಅಭಯಾರಣ್ಯ, ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ.

ಅಕ್ಟೋಬರಿನಲ್ಲಿ ಅಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ತುದಿಯಲ್ಲಿ ಗಾಳಿ ಜೋರು. ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಂತರೆ ನಮ್ಮ ಸೀಮೆಯಲ್ಲೂ ಮೈ ಬಿಸಿ 35 ಡಿಗ್ರಿಗಿಂತ ಕೆಳಗೆ ಇಳಿಯಬಹುದು. ನಡುಗುತ್ತಿದ್ದವನು ತೊದಲತೊಡಗಿದರೆ, ತಡವರಿಸಿದರೆ ಅಲ್ಲಿಗೆ ಚಾರಣ ನಿಲ್ಲಿಸಿ, ಒಣ ಬಟ್ಟೆ ಹಾಕಿಸಿ. ಹಾಗಾಗಿ ಒಬ್ಬೊಬ್ಬರಿಗೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಂದು ಜೊತೆ ಒಣ ಬಟ್ಟೆ ಬೇಕು. ಇಡೀ ಮೈ ಮುಚ್ಚುವಷ್ಟು ಪ್ಲಾಸ್ಟಿಕ್ ಹಾಳೆ, ಟಾರ್ಚು, ನೀರು, ಬೆಲ್ಲ ಶೇಂಗಾ, ಮತ್ತೆ ಎಲ್ಲರ ಕುತ್ತಿಗೆಯಲ್ಲೂ ಒಂದು ಸೀಟಿ. ಕೂಗಿದರೆ ಗಂಟಲು ಕಟ್ಟುತ್ತದೆ, ಸೀಟಿಗೆ ಆ ತೊಂದರೆ ಇಲ್ಲ. ದಾರಿ ತಪ್ಪಿದರೆ ಮೂರು ಸಲ ಊದಿ, ನಿಲ್ಲಿಸಿ ಕೇಳಿಸಿಕೊಳ್ಳಿ, ಮತ್ತೆ ಮೂರು ಸಲ.

ಯಾವ ದಾರಿಯಲ್ಲಿ ಹತ್ತುತ್ತೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಅಂತ ಬರೆದು ಮನೆಯಲ್ಲೊಂದು ಚೀಟಿ, ಕೆಳಗಿನ ಅರಣ್ಯ ಚೌಕಿಯಲ್ಲೊಂದು ಚೀಟಿ ಕೊಡಿ. ಫೋನಿನಲ್ಲಿ ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಪ್ರಯತ್ನಿಸಿ, ಬೇರೆ ಕಂಪನಿಯ ಟವರ್ ಹತ್ತಿರವಿದ್ದರೆ ಕರೆ ಹೋಗುತ್ತದೆ. ಚೀಟಿಯಲ್ಲಿ ಬರೆದ ದಾರಿಯನ್ನು ಮಧ್ಯದಲ್ಲಿ ಬದಲಾಯಿಸಬೇಡಿ. ಹುಡುಕುವವರು ಅದೇ ದಾರಿಗೆ ಬರುತ್ತಾರೆ.